ಒಂದೇ ರೌಂಡ್, ಭಾವ!

ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಕೂತ ಹೊತ್ತಿಗೆ ನಮ್ಮ ಪೂರ್ವ ಬೆಂಗಳೂರಿನಲ್ಲಿ ಬಿಡುವು ಎನ್ನುತ್ತಾರೆ. ಆ ಬಿಡುವಿನಲ್ಲೂ ಗುದ್ದಾಡುವವರ ಒಂದು ಕುಲವಿದೆ. ವಯಸ್ಸು ನಲವತ್ತರ ಮೇಲೆ, ಕೊರಳಲ್ಲಿ ಆಫೀಸಿನ ಟ್ಯಾಗು, ಮೊಬೈಲಿನಲ್ಲಿ 1991ರ ಸ್ಟ್ರೀಟ್ ಫೈಟರ್ 2. ಯಾವಾಗ ಕರೆದರೂ ಒಂದೇ ಉತ್ತರ: "ಒಂದೇ ರೌಂಡ್." ನನ್ನ ಪಾಲಿಗೆ ಬಂದದ್ದು ಹೆಂಡತಿಯ ತಮ್ಮ.

ಕುಕ್ಕರ್ ಮೂರು ಸಲ ಕೂಗುವುದರೊಳಗೆ ಒಂದು ಆಟ, ಮೀಟಿಂಗಿಗೆ ಬಾಸ್ ಬರುವುದರೊಳಗೆ ಇನ್ನೊಂದು. ಅವನ ಲೆಕ್ಕ ಸುಳ್ಳೇನಲ್ಲ. ಆಟದ ಗಡಿಯಾರ 99ರಿಂದ ಇಳಿಯುತ್ತದೆ. ಮೂರರಲ್ಲಿ ಎರಡು ಗೆದ್ದರೆ ಮುಗಿಯಿತು. "ಟೆಸ್ಟ್ ಮ್ಯಾಚ್ ಥರ ಐದು ದಿನ ಎಳೆಯಲ್ಲ ಭಾವ" ಎನ್ನುತ್ತಾನೆ. ಎಂಟು ಜಟ್ಟಿಗಳಿದ್ದರೂ ಆರಿಸುವುದು ಧಾಲ್ಸಿಮ್‌ನನ್ನೇ. ಕೊರಳಲ್ಲಿ ಬುರುಡೆ ಮಾಲೆ, ಬೇಕಾದಷ್ಟು ಉದ್ದವಾಗುವ ಕೈಕಾಲು. "ನಮ್ಮ ದೇಶದವನು, ನಾವೇ ಕೈಬಿಟ್ಟರೆ ಹೇಗೆ?" ನನಗೂ ಬೆಂಕಿ ಉಗುಳುವುದು ಕಲಿಸಲು ನೋಡಿದ: ಕೆಳಗೆ, ಓರೆಗೆ, ಮುಂದಕ್ಕೆ, ಗುದ್ದು. ನನ್ನ ಹೆಬ್ಬೆರಳಿಗೆ ಬಿಲ್ ಕಟ್ಟುವುದಷ್ಟೇ ಗೊತ್ತು. ಯೋಗಿ ಕೂತು ಎದ್ದ, ಬೆಂಕಿ ಬರಲಿಲ್ಲ.

ಹೋದ ವರ್ಷ ಹಲಸೂರಿನ ಸೋಮೇಶ್ವರ ದೇವಸ್ಥಾನದ ಹತ್ತಿರ ನಾಮಕರಣ. ಕೆ.ಆರ್. ಪುರದಲ್ಲಿ ಇಬ್ಬರೂ ಮೆಟ್ರೋ ಹತ್ತಿದೆವು. ಮಗುವಿಗೆ ಕೊಡಬೇಕಾದ ಬೆಳ್ಳಿ ಬಟ್ಟಲು ಅವನ ಬ್ಯಾಗಿನಲ್ಲಿ. ಇಂದಿರಾನಗರ ದಾಟಿದ ಮೇಲೆ "ಏಳೋ" ಎಂದೆ. "ಒಂದೇ ರೌಂಡ್, ಭಾವ." ರಷ್ಯಾದ ಪೈಲ್ವಾನ ಝಾಂಗೀಫ್ ಅವನ ಯೋಗಿಯನ್ನು ತಲೆಕೆಳಗು ಮಾಡಿ ಕುಕ್ಕುತ್ತಿದ್ದ. ಹಲಸೂರು ಬಂತು, ಬಾಗಿಲು ತೆರೆಯಿತು, ನಾನಿಳಿದೆ, ಬಾಗಿಲು ಮುಚ್ಚಿತು. ಬಟ್ಟಲು ಟ್ರಿನಿಟಿ ಕಡೆ ಹೊರಟಿತು. ಫೋನ್ ಮಾಡಿದರೆ ಎತ್ತುವವರು ಯಾರು? ಬರಿಗೈಯಲ್ಲಿ ಹೋಗಿ ತೊಟ್ಟಿಲ ಪಕ್ಕ ಹಲ್ಲುಕಿರಿದು ನಿಂತೆ. ಮಗುವಿಗೆ ಹೆಸರಿಟ್ಟು, ಎಲೆ ಹಾಕುವ ಹೊತ್ತಿಗೆ ಬಂದವನು ಮೊದಲು ಹೇಳಿದ್ದು "ಗೆದ್ದೆ ಭಾವ!" ಆಮೇಲೆ ಎಲ್ಲರಿಗೂ ಕೇಳುವಂತೆ: "ಭಾವಂಗೆ ಅವಸರ, ನನ್ನ ಬಿಟ್ಟು ಇಳಿದುಬಿಟ್ರು."

ಹಾಳಾದವನು ಒಳ್ಳೆಯವನು. ರಾತ್ರಿ ಎರಡಕ್ಕೆ ಆಸ್ಪತ್ರೆಗೆ ಹೋಗಬೇಕೆಂದರೆ ರೌಂಡ್ ಮುಗಿಸದೆ ಬರುವವನು ಅವನೊಬ್ಬನೇ. ಹುಡುಗನಾಗಿದ್ದಾಗ ಶಿವಾಜಿನಗರದ ಓಣಿಯೊಂದರ ವಿಡಿಯೋ ಗೇಮ್ ಅಂಗಡಿಯಲ್ಲಿ ನಿಲ್ಲುತ್ತಿದ್ದನಂತೆ. ಮಷೀನಿನ ಅಂಚಿಗೆ ನಾಣ್ಯವಿಟ್ಟರೆ ಸರದಿ ಹಿಡಿದಂತೆ. ಸೋತರೆ ಹಿಂದಿದ್ದವನು ಹೆಗಲು ತಳ್ಳುತ್ತಿದ್ದ: "ಬಿಡು ಗುರೂ, ನಂದು." ಇನ್ನೊಂದು ನಾಣ್ಯವಿಲ್ಲ, ಮನೆಗೆ ನಡೆ. ಬೇಗ ಬೇಗ ಸೋಲಿಸಿದರೆ ತಾನೇ ಗಲ್ಲಾಪೆಟ್ಟಿಗೆ ತುಂಬುವುದು? ಆಟ ಅಷ್ಟು ಚುಟುಕಾದದ್ದು ಅದಕ್ಕೇ. ಈಗ ನಾಣ್ಯವಿಲ್ಲ, ಸರದಿಯಿಲ್ಲ, ಹೆಗಲು ತಳ್ಳುವ ಗೆಳೆಯನೂ ಇಲ್ಲ. ಆಟವೇನೋ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ, ಆಡುವವನನ್ನು ಎಬ್ಬಿಸುವವರಿಲ್ಲ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಬೈಯಬೇಡಿ, ಫೋನ್ ಕಿತ್ತುಕೊಳ್ಳಬೇಡಿ. ಎದುರಿಗೆ ಕೂತು ಆಡಿ, ಸೋಲಿಸಿ. ಸೋತರೆ ಊಟಕ್ಕೆ ಏಳುತ್ತಾರೆ. ನೀವು ಸೋತರೆ ಮಾತ್ರ ಸಾರು ಇನ್ನೊಮ್ಮೆ ಬಿಸಿ ಮಾಡಿಕೊಳ್ಳಿ.