ಏಳನೆಯ ಷರತ್ತು

ನಮ್ಮ ಬಾಡಿಗೆ ಕರಾರಿನ ಏಳನೆಯ ಷರತ್ತು ನನ್ನದೇ ಸ್ವಂತ ರಚನೆ: 'ಬಾಡಿಗೆದಾರರು ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ.' ಉಳಿದವೆಲ್ಲ ಟೈಪಿಂಗ್ ಅಂಗಡಿಯವನ ಕಂಪ್ಯೂಟರಿನಲ್ಲಿ ಮೊದಲೇ ಇದ್ದವು. 'ತಕ್ಕದ್ದಲ್ಲ' ಎಂದು ಹೇಳಿ ಬರೆಸುವಾಗ ನನ್ನ ದನಿ ನನಗೇ ಹೈಕೋರ್ಟಿನ ಹಾಗೆ ಕೇಳಿಸಿತ್ತು.

ಬೆಂಗಳೂರಿನಲ್ಲಿ ಮಹಡಿ ಎಬ್ಬಿಸಿದವರಿಗೆಲ್ಲ ಬರುವ ಕಾಯಿಲೆ ಇದು. ನಿವೃತ್ತಿಯ ದುಡ್ಡನ್ನು ಇಟ್ಟಿಗೆಯಲ್ಲಿ ಹಾಕಿದ ನಾನೂ ಒಬ್ಬ ಹೂಡಿಕೆದಾರನೇ. ಆದರೆ ಷೇರು ಎಷ್ಟೇ ಕೆಳಗಿಳಿದರೂ ರಾತ್ರಿ ಹತ್ತಕ್ಕೆ ಬಂದು ಬಾಗಿಲು ತಟ್ಟಿ "ನಲ್ಲೀಲಿ ನೀರು ಬರ್ತಿಲ್ಲ" ಅನ್ನುವುದಿಲ್ಲ.

ನಾನೂ ಬಾಡಿಗೆಗಿದ್ದವನೇ. ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸಲು ಹೆಂಡತಿಯ ಎರಡೆಳೆ ಸರ ಗಿರವಿ ಅಂಗಡಿ ಸೇರಿತ್ತು. ಮನೆ ಬಿಡುವಾಗ ಓನರು ಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಅವತ್ತು ಹಲ್ಲು ಕಡಿದವನು, ಓನರಾದ ಮೇಲೆ ಅದೇ ಬಣ್ಣದ ಷರತ್ತನ್ನು ಅಕ್ಷರ ಬಿಡದೆ ಉಳಿಸಿಕೊಂಡೆ. ಸೊಸೆ ಅತ್ತೆಯಾದ ಕಥೆ. ಕೇಂದ್ರದವರ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಮೀರಬಾರದು ಅನ್ನುತ್ತದೆ. ಅದು ದೆಹಲಿಯಿಂದ ಹೊರಟಿದೆ. ನಮ್ಮ ಬೀದಿಯ 'ಮನೆ ಬಾಡಿಗೆಗಿದೆ' ಬೋರ್ಡಿನ ತನಕ ಇನ್ನೂ ಬಂದು ಮುಟ್ಟಿಲ್ಲ.

ಕರಾರು ಹನ್ನೊಂದೇ ತಿಂಗಳು ಯಾಕೆ ಅಂತೀರಾ? ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ಆ ಓಡಾಟ ಯಾರಿಗೆ ಬೇಕು! ಗದಗದ ಕಡೆಯ ನಮ್ಮ ಮೇಲಿನ ಮನೆಯವರು ಹನ್ನೊಂದು ಹನ್ನೊಂದು ಅನ್ನುತ್ತಲೇ ಐದು ವರ್ಷ ದಾಟಿಸಿದ್ದಾರೆ. ಅದಕ್ಕೆ ಕಾರಣ ನನ್ನ ಕರಾರಲ್ಲ, ಒಂದು ಸ್ಟೀಲ್ ಡಬ್ಬಿ. ಮೇಲಿನಿಂದ ಅದರಲ್ಲಿ ಶೇಂಗಾ ಚಟ್ನಿಪುಡಿ ಇಳಿಯುತ್ತದೆ. ಡಬ್ಬಿ ಬರಿದಾಗಿ ಹೋಗಬಾರದೆಂದು ಇಲ್ಲಿಂದ ಬಿಸಿಬೇಳೆಬಾತ್ ಹತ್ತುತ್ತದೆ. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದು, ಬಾಡಿಗೆದಾರರಿಗೂ ಸಲ್ಲುತ್ತದೆಂದಾಗ ಅವರು ಕರೆಂಟ್ ಬಿಲ್ಲಿನ ಆರ್.ಆರ್. ನಂಬರು ಕೇಳಿದರು. ಮನೆಯನ್ನೇ ಬರೆದುಕೊಡಬೇಕೇನೋ ಎಂಬಂತೆ ನಾನು ಎರಡು ದಿನ ಯೋಚಿಸಿದೆ. ಅಷ್ಟರಲ್ಲಿ ನನ್ನಾಕೆ ಹಳೆಯ ಕರೆಂಟ್ ಬಿಲ್ಲನ್ನು ಅದೇ ಡಬ್ಬಿಯ ಮುಚ್ಚಳಕ್ಕೆ ಸಿಕ್ಕಿಸಿ ಕಳಿಸಿಯಾಗಿತ್ತು.

ಎಲ್ಲಿದ್ದೆ? ಹಾಂ, ಮೊಳೆ. ಮೇಲಿನ ಮನೆಯ ಅಜ್ಜಿ ತಿಥಿ ನೋಡುವ ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದ್ದರು. ಗಾಳಿ ಬೀಸಿದರೆ ಏಕಾದಶಿ ಕಿಟಕಿಯಾಚೆ ಹಾರುತ್ತಿತ್ತು. ಒಂದು ಭಾನುವಾರ ನನ್ನಲ್ಲೂ ಔದಾರ್ಯ ಉಕ್ಕಿತು. ಡ್ರಿಲ್ ಹಿಡಿದು ಮಹಡಿ ಹತ್ತಿ, "ಒಂದು ಮೊಳೆಗೆ ನಾನೇ ಅಡ್ಡಿಯೇ? ತೋರಿಸಿ, ಎಲ್ಲಿ?" ಎಂದೆ.

ಗೋಡೆಯ ಆಚೆ ಬಚ್ಚಲು. ಮನೆ ಕಟ್ಟಿಸಿದವನು ನಾನೇ. ಪೈಪು ಎಲ್ಲಿ ಹಾದಿದೆಯೆಂದು ಗೊತ್ತಿರಬೇಕಾದವನೂ ನಾನೇ. ಡ್ರಿಲ್ 'ಗುರ್' ಅಂತು, ಗೋಡೆ 'ಚಿರ್' ಅಂತು. ಕನ್ನಡಕದ ತುಂಬ ನೀರು. ತೂತಿಗೆ ಹೆಬ್ಬೆರಳು ಒತ್ತಿ ನಿಂತೆ. ಮೊಳಕೈಯಿಂದ ಕಾವೇರಿ ಇಳಿಯುತ್ತಿದ್ದಳು. ಯಜಮಾನರು ತಾರಸಿಗೆ ಓಡಿ ಗೇಟ್‌ವಾಲ್ವ್ ತಿರುಗಿಸಿದರು, ಮಗಳು ಬಕೆಟ್ ಹಿಡಿದಳು. ಅಜ್ಜಿ ಮಾತ್ರ, "ಇರ್ಲಿ ತಗೋರಿ, ಗಂಗವ್ವ ತಾನಾಗೇ ಮನೀಗೆ ಬಂದ್ಲು" ಎಂದು ಕೈಮುಗಿದರು.

ಪ್ಲಂಬರಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಹಿಂದಿನ ಸಲ ಅವನ ಕೂಲಿಯಲ್ಲಿ ಐವತ್ತು ರೂಪಾಯಿ ಮುರಿದುಕೊಂಡಿದ್ದನ್ನು ನಾನು ಮರೆತಿದ್ದೆ, ಅವನು ಮರೆತಿರಲಿಲ್ಲ. ಮೇಲಿನ ಮನೆಯವರು ಅದೇ ನಂಬರಿಗೆ ಮಾಡಿದರು. ಹತ್ತು ನಿಮಿಷಕ್ಕೆ ಸ್ಕೂಟರ್ ಬಂತು. ಅವನು ಸಂಪು ತೊಳೆಯಲು ಬಂದಾಗಲೆಲ್ಲ ಅಜ್ಜಿ ಕೂರಿಸಿ ಚಹಾ ಕೊಡುತ್ತಿದ್ದರಂತೆ. ನನ್ನ ಮನೆಗೆ, ನನ್ನ ಪ್ಲಂಬರು, ನನ್ನ ಬಾಡಿಗೆದಾರರ ಮುಖ ನೋಡಿ ಬಂದ. ಕೇಳಿದಷ್ಟು ಕೂಲಿ ಕೊಟ್ಟೆ. ನೋಟನ್ನು ಅವನು ಬೆಳಕಿಗೆ ಹಿಡಿದು ನೋಡಿದ.

ಹೋದ ತಿಂಗಳು ಕರಾರು ಹೊಸದು ಮಾಡಿಸುವ ಹೊತ್ತು. ಬಾಡಿಗೆ ಏರಿಸುವ ಮಾತು ಗಂಟಲಲ್ಲೇ ಉಳಿಯಿತು. ಏಳನೆಯ ಷರತ್ತನ್ನು ತೆಗೆಸಿಬಿಡುತ್ತೇನೆ ಎಂದೆ. ಮೇಲಿನ ಮನೆಯವರು ನಯವಾಗಿ ನಕ್ಕರು:

"ಯಾಕ್ರೀ ಸರ, ಇರ್ಲಿ ಬಿಡ್ರಿ. 'ಬಾಡಿಗೆದಾರರು' ಅಂತ ಐತಲ್ಲ, ಅದರ ಬಾಜೂಕ 'ಮತ್ತು ಮಾಲೀಕರು' ಅಂತ ಸೇರಸ್ರಿ, ಸಾಕು."