ತ್ರಿಮುಖ ಗವಾಕ್ಷ ಪಟಾವಲಂಬನ ಮೀಮಾಂಸೆ

ವಿಷಯ ಪ್ರವೇಶ

ಗೋಡೆ ಬಿಟ್ಟು ಹೊರಕ್ಕೆ ಮೈಚಾಚಿ, ಮೂರು ದಿಕ್ಕಿಗೆ ಮೂರು ಗಾಜಿನ ಮುಖ ತಿರುಗಿಸಿಕೊಂಡು ನಿಂತ ಕಿಟಕಿಯೇ ಬೇ ವಿಂಡೋ. ಇದಕ್ಕೆ ಕರ್ಟನ್ ಹಾಕುವುದು ಹೇಗೆ ಎಂಬ ಪ್ರಶ್ನೆ ಗೃಹಪ್ರವೇಶದ ಮರುದಿನ ಹುಟ್ಟುತ್ತದೆ. ಮುಂದಿನ ಗೌರಿಹಬ್ಬದವರೆಗೂ ಸಾಯುವುದಿಲ್ಲ. ಅಲ್ಲಿಯತನಕ ಹಳೆಯ ಬೆಡ್‌ಶೀಟೇ ಗತಿ.

ಒಂದನೆಯ ನಾಗವರ್ಮ ಛಂದಸ್ಸಿಗೆ ‘ಛಂದೋಂಬುಧಿ’ ಬರೆದ. ಕೀರ್ತಿವರ್ಮ ದನಕರುಗಳ ಚಿಕಿತ್ಸೆಗೆ ‘ಗೋವೈದ್ಯ’ ಬರೆದ. ಮೂರನೆಯ ಮಂಗರಸ ಅಡುಗೆಗೆ ‘ಸೂಪಶಾಸ್ತ್ರ’ ಬರೆದ. ಕರ್ಟನ್ನಿಗೆ ಮಾತ್ರ ಯಾರೂ ಒಂದು ಶಾಸ್ತ್ರ ಬರೆಯಲಿಲ್ಲ. ಕನ್ನಡ ಶಾಸ್ತ್ರಸಾಹಿತ್ಯದ ಈ ದೊಡ್ಡ ತೂತನ್ನು ಮುಚ್ಚುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಪೂರ್ವೇತಿಹಾಸ

ನಮ್ಮ ಹಿರಿಯರಿಗೆ ಈ ಸಮಸ್ಯೆ ಇರಲಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಆಮೇಲೆ ಕಲ್ಲಿನ ಜಾಲಂಧ್ರ ಕೂಡಿಸಿದರು. ಗಾಳಿ ಒಳಗೆ ಬರುತ್ತದೆ, ಬೆಳಕು ಹದವಾಗಿ ಸೋಸಿಕೊಂಡು ಬರುತ್ತದೆ, ಒಗೆಯುವ ಗೋಜಿಲ್ಲ. ಮದುವೆಯ ಅಂತರಪಟವನ್ನು ಇಬ್ಬರು ಹಿಡಿದರೆ ಸಾಕು. ಯಕ್ಷಗಾನದ ತೆರೆ ಒಡ್ಡೋಲಗಕ್ಕೂ ಇಬ್ಬರೇ. ಈ ಪರಂಪರೆಯನ್ನು ಬೇ ವಿಂಡೋಗೆ ಅನ್ವಯಿಸಿದರೆ ಮೂರು ಮುಖಕ್ಕೆ ಆರು ಜನ ಬೇಕು, ರಾತ್ರಿಯಿಡೀ ನಿಂತಿರಬೇಕು. ಆದ್ದರಿಂದ ರಾಡು ಅನಿವಾರ್ಯ ಎಂದು ಸಿದ್ಧವಾಯಿತು.

ಕಿಟಕಿಯನ್ನು ಹೀಗೆ ಮುಂದಕ್ಕೆ ಚಾಚಿಸುವ ಹುಚ್ಚು ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಸಾಲುಮನೆಗಳಲ್ಲಿ ಜೋರಾಗಿತ್ತು. ಲಂಡನ್ ಇರುವುದು ಐವತ್ತೊಂದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಚಳಿಗಾಲದ ಸೂರ್ಯ ತಗ್ಗಿನಲ್ಲೇ ಬಂದು ತಗ್ಗಿನಲ್ಲೇ ಹೋಗಿಬಿಡುತ್ತಾನೆ. ಮೂರು ಕಡೆಯಿಂದ ಬಲೆ ಬೀಸಿ ಹಿಡಿದರೇನೇ ಸಿಕ್ಕುವುದು. ಬೆಂಗಳೂರು ಇರುವುದು ಹದಿಮೂರರಲ್ಲಿ. ಇಲ್ಲಿ ಅವನನ್ನು ಹಿಡಿಯಬೇಕಿಲ್ಲ, ತಡೆಯಬೇಕು. ದಂಡುಪ್ರದೇಶದ ಹಳೆಯ ಬಂಗಲೆ ಕಟ್ಟಿದವರಿಗೆ ಇದು ಗೊತ್ತಿತ್ತು; ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಟೋಪಿ ತೊಡಿಸಿ ಅದನ್ನು ಮಂಕಿ ಟಾಪ್ ಎಂದು ಕರೆದರು. ಇಂದಿನ ಬಿಲ್ಡರು ಟೋಪಿಯನ್ನು ಕಿಟಕಿಗೆ ಹಾಕುವುದಿಲ್ಲ.

ಪ್ರಮಾಣ ವಿಚಾರ

ಪ್ರಮಾಣಗಳು ಮೂರು. ಟೇಪು ಹಿಡಿದು ಅಳೆಯುವುದು ಪ್ರತ್ಯಕ್ಷ. ಅಂಗಡಿಯಲ್ಲಿ ನಿಂತು ಎರಡು ಕೈ ಅಗಲಿಸಿ ‘ಇಷ್ಟಿರಬಹುದು’ ಎನ್ನುವುದು ಅನುಮಾನ. ಲೋಕದ ಬಹುಪಾಲು ಕರ್ಟನ್‌ಗಳು ಅನುಮಾನದಿಂದಲೇ ಹುಟ್ಟಿ, ನೆಲಕ್ಕೆ ನಾಲ್ಕಿಂಚು ಮೇಲೆ ನಿಂತಿರುತ್ತವೆ.

ಮೂರನೆಯದು ಶಬ್ದಪ್ರಮಾಣ. ಡ್ರಿಲ್ಲಿನ ಸದ್ದೇ ಗೋಡೆಯ ಜಾತಕ ಹೇಳುತ್ತದೆ. ಡ್ರಿಲ್ ಬಿಟ್ ಸರಾಗವಾಗಿ ಇಳಿದು, ಕೆಳಗೆ ಹಿಡಿದ ಪೇಪರಿನ ಮೇಲೆ ಕೆಂಪು ಪುಡಿ ಉದುರಿದರೆ ಇಟ್ಟಿಗೆ. ಮೊದಲು ಬಿಳಿ ಪುಟ್ಟಿ, ಆಮೇಲೆ ಬೂದುಬಣ್ಣದ ಪುಡಿ ಬಂದು, ಡ್ರಿಲ್ಲು ಕಿರುಚತೊಡಗಿದರೆ ಅದು ಲಿಂಟಲ್ಲಿನ ಕಾಂಕ್ರೀಟು. ಹ್ಯಾಮರ್ ಡ್ರಿಲ್ ಇಲ್ಲದೆ ಅಲ್ಲಿ ಒಂದು ಗುಂಜಿಯಷ್ಟೂ ಮುಂದೆ ಹೋಗದು. ಇದ್ದಕ್ಕಿದ್ದಂತೆ ನಿಂತೇಬಿಟ್ಟರೆ ಒಳಗಿನ ಕಂಬಿ ಸಿಕ್ಕಿದೆ ಎಂದರ್ಥ. ತೂತನ್ನು ಒಂದಿಂಚು ಪಕ್ಕಕ್ಕೆ ಸರಿಸಬೇಕು. ಕೆಳಗಿನ ಮನೆಯವರು ಬಾಗಿಲು ತಟ್ಟುವುದೂ ಶಬ್ದಪ್ರಮಾಣದಲ್ಲಿಯೇ ಸೇರುತ್ತದೆ.

ಪಂಥಭೇದ

ಸನ್ಯಾಸಿಗಳಲ್ಲಿರುವಂತೆ ಕರ್ಟನ್ ಹಾಕುವವರಲ್ಲಿಯೂ ಏಕದಂಡಿ, ತ್ರಿದಂಡಿ ಎಂಬ ಭೇದವುಂಟು.

ಏಕದಂಡಿಗಳ ವಾದ: ಮೂರು ಮುಖಗಳು ತೋರಿಕೆ ಮಾತ್ರ, ಕಿಟಕಿಯ ಬಾಯಿಗೆ ಅಡ್ಡಲಾಗಿ ಒಂದೇ ರಾಡು ಎಳೆದರೆ ಭೇದವೆಲ್ಲ ಅಳಿಯುತ್ತದೆ. ನಡುಮುಖ ಆರಡಿ, ನಲವತ್ತೈದು ಡಿಗ್ರಿ ವಾಲಿದ ಪಕ್ಕದ ಮುಖಗಳು ಎರಡೂವರೆ ಅಡಿ ಎಂದಿಟ್ಟುಕೊಂಡರೆ, ಬಾಯಿಯ ಅಗಲ ಒಂಬತ್ತೂವರೆ ಅಡಿ. ಮೂರು ರಾಡಿನ ಹನ್ನೊಂದಡಿಗೆ ಹೋಲಿಸಿದರೆ ಒಂದೂವರೆ ಅಡಿ ಉಳಿತಾಯ. ಆಕ್ಷೇಪ: ರಾತ್ರಿ ಪರದೆ ಎಳೆದ ಮೇಲೆ ಆ ಕಿಟಕಿಯ ಕಟ್ಟೆಯಲ್ಲಿ ಕೂತು ಪೇಪರ್ ಓದುತ್ತಿರುವ ಮಾವನವರು ಮನೆಯೊಳಗಿದ್ದಾರೋ ಬೀದಿಯಲ್ಲಿದ್ದಾರೋ? ಬೀದಿಯವರಿಗೆ ಕಾಣುತ್ತಾರೆ, ಮನೆಯವರಿಗೆ ಕಾಣುವುದಿಲ್ಲ. ಈ ಪ್ರಶ್ನೆಗೆ ಏಕದಂಡಿಗಳಲ್ಲಿ ಸಮಾಧಾನವಿಲ್ಲ.

ಈ ಎರಡಕ್ಕೂ ಸೇರದ ಸ್ಪ್ರಿಂಗ್ ಪಂಥವು ಹಳೆಯದು. ನಾಲ್ಕು ಕೊಕ್ಕೆ ಹೊಡೆದು ಪ್ಲಾಸ್ಟಿಕ್ ಹೊದಿಸಿದ ಸ್ಪ್ರಿಂಗ್ ವೈರು ಎಳೆದರೆ ಮೂಲೆ ತಿರುಗುವ ಕಷ್ಟವೇ ಇಲ್ಲ, ಖರ್ಚೂ ಇಲ್ಲ. ಆದರೆ ಪರದೆಯ ಭಾರಕ್ಕೆ ನಡುವೆ ಜೋತುಬೀಳುತ್ತದೆ. ಇದರ ಅನುಯಾಯಿಗಳು ಬಾಡಿಗೆ ಮನೆಯಲ್ಲಿ ವಾಸಿಸುತ್ತಾರೆ. ತ್ರಿದಂಡಿಗಳಂತೆ ಗೋಡೆಗೆ ಹದಿನಾಲ್ಕು ತೂತು ಕೊರೆಯಲು ಓನರ್ ಬಿಡುವುದಿಲ್ಲ.

ತ್ರಿದಂಡಿಗಳು ಮೂರು ಮುಖಕ್ಕೆ ಮೂರು ರಾಡು ಎನ್ನುತ್ತಾರೆ. ಪಕ್ಕದವಕ್ಕೆ ಎರಡೆರಡು ಬ್ರಾಕೆಟ್ಟು, ನಡುವಿನದಕ್ಕೆ ಮೂರು, ಒಟ್ಟು ಏಳು. ಬ್ರಾಕೆಟ್ಟಿಗೆ ಎರಡು ಸ್ಕ್ರೂನಂತೆ ಹದಿನಾಲ್ಕು ತೂತು. ಒಂದೇ ಕಿಟಕಿಯನ್ನು ಬಿಲ್ಡರು ಒಂದೆಂದು ಮಾರಿದ, ಟೈಲರ್ ಮೂರೆಂದು ಹೊಲಿದ, ಡ್ರಿಲ್ಲಿನವನು ಹದಿನಾಲ್ಕೆಂದು ಲೆಕ್ಕ ಹಾಕಿದ.

ಕೋನ ಪ್ರಕರಣ

ತ್ರಿದಂಡ ಸಿದ್ಧಾಂತದ ಅಗ್ನಿಪರೀಕ್ಷೆ ಮೂಲೆಯಲ್ಲಿ. ಗೋಡೆಯ ಅಳತೆಯನ್ನೇ ರಾಡಿನ ಅಳತೆ ಎಂದು ತಿಳಿದವರು ಇಲ್ಲಿ ಸೋಲುತ್ತಾರೆ. ರಾಡು ಗೋಡೆಗೆ ಅಂಟಿಕೊಂಡಿರುವುದಿಲ್ಲ, ಮೂರಿಂಚು ಈಚೆಗಿರುತ್ತದೆ. ಹಾಗಾಗಿ ಮೂಲೆಗೆ ಮೊದಲೇ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆದ್ದರಿಂದ ಸೂತ್ರ: ಮೂಲೆ ನೂರ ಮೂವತ್ತೈದು ಡಿಗ್ರಿಯದಾದರೆ, ಗೋಡೆಯಿಂದ ರಾಡಿಗಿರುವ ದೂರವನ್ನು 0.41ರಿಂದ ಗುಣಿಸಿ, ಪ್ರತಿ ಮೂಲೆಯ ಕಡೆ ಅಷ್ಟನ್ನು ಕಳೆಯತಕ್ಕದ್ದು. ಮೂರಿಂಚಿಗೆ ಸುಮಾರು ಒಂದೂಕಾಲಿಂಚು. ಪಕ್ಕದ ರಾಡುಗಳಿಗೆ ಒಂದೊಂದು ಸಲ ಕಳೆ. ನಡುವಿನದಕ್ಕೆ ಎರಡು ಮೂಲೆಯಿರುವುದರಿಂದ ಎರಡೂವರೆ ಇಂಚು. ಮೂಲೆ ತೊಂಬತ್ತು ಡಿಗ್ರಿಯದಾದರೆ ಪೂರ್ತಿ ಮೂರಿಂಚೂ ಹೋಗುತ್ತದೆ.

ಭಾಷ್ಯ: ಮೂಲೆಯ ಕಡೆ ಅಲಂಕಾರದ ಗುಂಡು ಕೂಡಿಸಬಾರದು, ಜಾಗವಿರುವುದಿಲ್ಲ. ಚಪ್ಪಟೆ ಮುಚ್ಚಳವೇ ಶಾಸ್ತ್ರಸಮ್ಮತ.

ಪೂರ್ವಪಕ್ಷ: “ರೀ, ಎಲ್ಲಾ ಸರಿ, ಆ ಮೂಲೇಲಿ ಸಂದಿ ಬಿಟ್ಟಿದೆಯಲ್ಲ, ಎದುರುಮನೆಯವರು ಅಲ್ಲಿಂದಲೇ ನಮ್ಮ ಟೀವಿ ನೋಡ್ತಾರೆ.”

ಉತ್ತರಪಕ್ಷ: ರಿಂಗ್ ಕರ್ಟನ್ನಿನ ಕೊನೆಯ ರಿಂಗನ್ನು ಬ್ರಾಕೆಟ್ಟಿನ ಆಚೆಗೆ, ಮುಚ್ಚಳದ ಈಚೆಗೆ ಸಿಕ್ಕಿಸಬೇಕು. ರಿಂಗು ಬ್ರಾಕೆಟ್ಟು ದಾಟಲಾರದು; ಹಾಗಾಗಿ ಎಷ್ಟು ಎಳೆದರೂ ಬಟ್ಟೆಯ ಅಂಚು ಮೂಲೆ ಬಿಟ್ಟು ಕದಲುವುದಿಲ್ಲ. ಎದುರುಮನೆಯವರು ಸ್ವಂತ ಟೀವಿ ಕೊಳ್ಳಲಿ.

ಪಟ ಪ್ರಕರಣ

ರಾಡು ಹನ್ನೊಂದಡಿ ಇದ್ದರೆ ಹನ್ನೊಂದಡಿ ಬಟ್ಟೆ ಸಾಕೆನ್ನುವುದು ಚಾರ್ವಾಕರ ಮತ. ಹಾಗೆ ಹಾಕಿದರೆ ಎಳೆದಾಗ ಅದು ಒಗೆದು ಹರವಿದ ಪಂಚೆಯಂತೆ ಬಿಗಿದು ನಿಲ್ಲುತ್ತದೆ. ನಿರಿಗೆ ಬೀಳಬೇಕಾದರೆ ಎರಡರಷ್ಟು, ಎಂದರೆ ಇಪ್ಪತ್ತೆರಡು ಅಡಿ ಬೇಕು. ನಲವತ್ತೆಂಟು ಇಂಚು ಪನ್ನದ ಬಟ್ಟೆಯಾದರೆ ಆರು ಪಟ್ಟಿ. ನೆಲದವರೆಗೆ ಇಳಿಬಿಡಲು, ಮೇಲೆ ಕೆಳಗೆ ಮಡಿಕೆ ಸೇರಿ, ಪಟ್ಟಿಗೆ ಎಂಟೂವರೆ ಅಡಿ. ಒಟ್ಟು ಐವತ್ತೊಂದು ಅಡಿ, ಹತ್ತಿರ ಹತ್ತಿರ ಹದಿನೈದೂವರೆ ಮೀಟರು. ಸೀರೆ ಐದೂವರೆ ಮೀಟರು. ಬಿಲ್ಲು ಬಂದ ದಿನ “ಈ ಬಟ್ಟೇಲಿ ಮೂರು ಸೀರೆ ಬರ್ತಿತ್ತು” ಎಂದು ಅತ್ತೆಯವರು ಆಡುವ ಮಾತು ಗಣಿತದ ದೃಷ್ಟಿಯಿಂದ ಒಂದು ಮೀಟರಿನಷ್ಟು ಮಾತ್ರ ತಪ್ಪು ಎಂದು ಇಲ್ಲಿ ದಾಖಲಿಸಲಾಗಿದೆ.

ಆರು ಪಟ್ಟಿಯನ್ನು ಹೊಲಿದು ನಾಲ್ಕು ಪರದೆ ಮಾಡಬೇಕು: ನಡುವಿನ ರಾಡಿಗೆ ಅಗಲವಾದ ಎರಡು, ಪಕ್ಕಗಳಿಗೆ ಒಂದೊಂದು. ಹಗಲು ಎಲ್ಲವನ್ನೂ ಎರಡು ಮೂಲೆಗೆ ಸರಿಸಿದರೆ ಗಾಜು ಪೂರ್ತಿ ತೆರೆದು, ಮೂಲೆಯ ಕಂಬ ಬಟ್ಟೆಯ ಹಿಂದೆ ಮರೆಯಾಗುತ್ತದೆ.

ನಿರ್ಣಯ

ಬಿಸಿಲಿಗಾಗಿ ಮೂರು ಕಡೆ ಗಾಜು ಇಟ್ಟು, ಬಿಸಿಲಿಗೆ ಹೆದರಿ ಮೂರು ಕಡೆಯೂ ಬಟ್ಟೆ ಕಟ್ಟುವುದು ಈ ಕಿಟಕಿಯ ಧರ್ಮ. ಅದರಲ್ಲೂ ಪಡುವಣಕ್ಕೆ ಮುಖ ಮಾಡಿದ್ದಾದರೆ ಮಧ್ಯಾಹ್ನ ಮೂರರ ಮೇಲೆ ಪರದೆ ತೆರೆಯುವ ಮಾತೇ ಇಲ್ಲ. ಹೆಚ್ಚಿನ ದುಡ್ಡು ಕೊಟ್ಟು ಕೊಂಡ ಗಾಜು ಪರದೆಯ ಬೆನ್ನು ನೋಡುತ್ತಿರುತ್ತದೆ. ಆದ್ದರಿಂದ ದೇಶಕಾಲ ನೋಡಿದರೆ ಬೇಲೂರಿನ ಜಾಲಂಧ್ರವೇ ಶ್ರೇಷ್ಠ, ಮಂಕಿ ಟಾಪ್ ಮಧ್ಯಮ. ಕಿಟಕಿ ಈಗಾಗಲೇ ಚಾಚಿಬಿಟ್ಟಿದ್ದರೆ ತ್ರಿದಂಡವೇ ಗತಿ.

ಕೊನೆಯದಾಗಿ ಆರ್ಕಿಟೆಕ್ಟ್ ಮಹಾಶಯರಲ್ಲಿ ಅರಿಕೆ: ನಕ್ಷೆಯಲ್ಲಿ ಬೇ ವಿಂಡೋ ಗೀರುವಾಗ ಅದೇ ಪೆನ್ಸಿಲಿನಿಂದ ಮೂರು ಕರ್ಟನ್ ರಾಡುಗಳನ್ನೂ ಗೀರಿ, ಎರಡು ಮೂಲೆಯಲ್ಲಿ ಅವು ಹೇಗೆ ಕೂಡುತ್ತವೆಂದು ತೋರಿಸಿ, ಕೆಳಗೆ ಸಹಿ ಹಾಕಿ ಕೊಡಿ.