ಚಕ್ರ ಇರುವ ಬೋರ್ಡು

ಮೈಸೂರು, ಸಯ್ಯಾಜಿರಾವ್ ರಸ್ತೆ. ಸೀರೆ ಅಂಗಡಿ.

"ಏನ್ರೀ, ಪಾರಂಪರಿಕ ಕಟ್ಟಡ ಇದು. ಕಮಾನು ಮುಚ್ಚಿರೋ ಬೋರ್ಡು ಇಳಿಸಿ ಅಂದಿದ್ನಲ್ಲ?"

"ಇಳಿಸಿದೆ ಸಾರ್. ಗೂಡ್ಸ್ ಆಟೋ ಮೇಲೆ ಏರಿಸಿದೆ."

"ಆಟೋನೂ ಕಮಾನಿನ ಮುಂದೇನೇ ನಿಂತಿದೆ!"

"ವಾಹನ ಅಲ್ವಾ ಸಾರ್, ನಿಲ್ಲುತ್ತೆ."

"ಓಡೋದು ಯಾವಾಗ?"

"ಎಂಜಿನ್ ಮಾರಿಬಿಟ್ಟೆ. ಜಂಬೂಸವಾರಿ ದಿನ ಹುಡುಗರು ತಳ್ತಾರೆ."

(ಆನೆಗೆ ದಾರಿ ಬಿಡುವಷ್ಟು ಸಂಸ್ಕೃತಿ ನಮ್ಮಲ್ಲಿನ್ನೂ ಉಳಿದಿದೆ.)

"ಬೋರ್ಡಲ್ಲಿ ಶೇ. 60 ಕನ್ನಡ ಇದೆಯಾ?"

"ಇದೆ ಸಾರ್. ಡಿಸ್ಕೌಂಟೂ ಶೇ. 60."

"ಮಹಡಿ ಮೇಲಿನ ಆ ಫ್ಲೆಕ್ಸು?"

"ನಾಯಕರ ಹುಟ್ಟುಹಬ್ಬದ್ದು. ಎಡಗಡೆ ಕೆಳಗೆ ನೋಡಿ, ಶುಭ ಕೋರೋರಲ್ಲಿ ನಿಮ್ಮ ಸಾಹೇಬರ ಫೋಟೋನೂ ಇದೆ."

ಅಧಿಕಾರಿ ಪೆನ್ನಿನ ಕ್ಯಾಪು ಮುಚ್ಚಿದರು. "ಆಟೋನ ಒಂದಡಿ ಹಿಂದಕ್ಕೆ ತಳ್ಳಿಸಿ, ಸಾಕು."

ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧವಾಗಿದ್ದು 2016ರಲ್ಲಿ.